ಮೊದಲ ಸಂಪುಟದ ಮಹಾಶಯ

"ಬ್ಯಾಟ್‌ಮನ್ ಓದೋಣ ಅಂತಿದೀನಿ ಸಾರ್, ಎಲ್ಲಿಂದ ಶುರು ಮಾಡ್ಲಿ?" ಎಂದು ಯಾರಾದರೂ ಕೇಳಿದ ಕೂಡಲೇ ಈ ಮಹಾಶಯನ ಮುಖ ಜಾತಕ ಬಿಚ್ಚಿದ ಜೋಯಿಸರ ಮುಖದಂತೆ ಗಂಭೀರವಾಗುತ್ತದೆ. ಕೇಳಿದವನಿಗೆ ಬೇಕಾಗಿದ್ದದ್ದು ಶನಿವಾರ ಸಂಜೆ ಓದಿ ಮುಗಿಸುವಂಥ ಒಂದು ಪುಸ್ತಕ. ಸಿಗುವುದು ಮರುಪ್ರಶ್ನೆ: "ಯಾವ ಬ್ಯಾಟ್‌ಮನ್?" ಆಮೇಲೆ ವಂಶಾವಳಿ. 1987ರ 'ಇಯರ್ ಒನ್' ಚೆನ್ನಾಗಿದೆ, ನಾಲ್ಕೇ ಸಂಚಿಕೆ, 'ಬ್ಯಾಟ್‌ಮನ್' ಸರಣಿಯ 404ರಿಂದ 407. ಆದರೆ 404ನೇ ಸಂಚಿಕೆಗೆ ಬಂದ ಮೇಲೆ ಕಥೆ ಮತ್ತೆ ಮೊದಲಿನಿಂದ ಯಾಕೆ ಶುರುವಾಯಿತು ಅಂತ ತಿಳಿಯಬೇಕಾದರೆ 1985–86ರ 'ಕ್ರೈಸಿಸ್ ಆನ್ ಇನ್ಫೈನೈಟ್ ಅರ್ತ್ಸ್' ನೋಡಿರಬೇಕು. ಅದರ ಹನ್ನೆರಡು ಸಂಚಿಕೆ ತಲೆಗೆ ಹೋಗಬೇಕಾದರೆ ಅದಕ್ಕೂ ಹಿಂದಿನ ಐವತ್ತು ವರ್ಷದ ಸಂಗತಿ ಅಷ್ಟಿಷ್ಟು ಗೊತ್ತಿರಬೇಕು. ಇತ್ತ 'ಇಯರ್ ಒನ್' ಮುಗಿದ ಮೇಲೆ ಹದಿಮೂರು ಸಂಚಿಕೆಯ 'ದಿ ಲಾಂಗ್ ಹ್ಯಾಲೋವೀನ್' ಬಿಡುವ ಹಾಗೇ ಇಲ್ಲ. ಒಂದು ಪುಸ್ತಕ ಕೇಳಲು ಬಂದವನು ಹತ್ತೊಂಬತ್ತರ ಪಟ್ಟಿ ಹಿಡಿದು, ಯಾರದೋ ಸಾಲಕ್ಕೆ ಜಾಮೀನು ಹಾಕಿ ಬಂದವನಂತೆ ಹೊರಬೀಳುತ್ತಾನೆ. ಪಟ್ಟಿಯಲ್ಲಿ ಆರು ಹೆಸರುಗಳ ಮುಂದೆ "ಕಡ್ಡಾಯವಲ್ಲ, ಓದಿದ್ದರೆ ಒಳ್ಳೆಯದು" ಎಂಬ ಷರಾ ಬೇರೆ.

ಈ ಮಹಾಶಯ ಅಮೆರಿಕದ ಯಾವ ಊರಿನ ಕಾಮಿಕ್ಸ್ ಅಂಗಡಿಯಲ್ಲಾದರೂ ಸಿಗುತ್ತಾನೆ. ಹುಡುಕಿದರೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯ ಮಹಡಿಯಲ್ಲೂ ಸಿಗುತ್ತಾನೆ. ಎಲ್ಲಾ ಸರಣಿಯದೂ ಮೂರನೇ ಸಂಪುಟ ಮಾತ್ರ ಇರುತ್ತದೆ, ಮೊದಲನೆಯದನ್ನು ಯಾರೋ ಹೊತ್ತೊಯ್ದಿರುತ್ತಾರೆ ಎಂಬುದು ಅಲ್ಲಿ ಅವನ ಗೋಳು. ಅವನು ಕೂಡಿಡುವ ವಸ್ತುವಿಗೆ ಟ್ರೇಡ್ ಪೇಪರ್‌ಬ್ಯಾಕ್ ಎಂದು ಹೆಸರು, ಬಳಗದಲ್ಲಿ ಬರೀ 'ಟ್ರೇಡ್'. ತಿಂಗಳಿಗೊಮ್ಮೆ ಬರುವ, ಎರಡು ಪಿನ್ನು ಹೊಡೆದ, ಇಪ್ಪತ್ತು ಇಪ್ಪತ್ತೆರಡು ಪುಟದ ಸಂಚಿಕೆಗೆ ಇವರು ಸ್ವಲ್ಪ ತಾತ್ಸಾರದಿಂದ 'ಫ್ಲಾಪಿ' ಎನ್ನುತ್ತಾರೆ. ಅಂಥವು ಐದೋ ಆರೋ ಸೇರಿಸಿ, ಜಾಹೀರಾತು ಕಿತ್ತು, ಬೆನ್ನಿಗೆ ಅಂಟು ಹಾಕಿದರೆ ಟ್ರೇಡ್ ಆಯಿತು. ಮಾರ್ವೆಲ್ ತನ್ನ ಎಕ್ಸ್-ಮೆನ್ ಸರಣಿಯ 'ಡಾರ್ಕ್ ಫೀನಿಕ್ಸ್' ಕಥೆಯನ್ನು ಹೀಗೆ ಕಟ್ಟಿ ಮಾರಿದ್ದು 1984ರಲ್ಲಿ. 1986ರಲ್ಲಿ 'ದಿ ಡಾರ್ಕ್ ನೈಟ್ ರಿಟರ್ನ್ಸ್', 1987ರಲ್ಲಿ 'ವಾಚ್‌ಮೆನ್' ಪುಸ್ತಕರೂಪದಲ್ಲಿ ಬಂದ ಮೇಲೆ ಸೂಪರ್‌ಹೀರೋಗಳು ಮಾಮೂಲಿ ಪುಸ್ತಕದಂಗಡಿಯ ಕಪಾಟಿಗೂ ಏರಿದರು.

ತಾನು ಸಂಗ್ರಾಹಕನಲ್ಲ, ಓದುಗ ಎನ್ನುವುದು ಮಹಾಶಯನ ಮೊದಲ ಮಾತು. ಇದನ್ನು ತಳ್ಳಿಹಾಕುವಂತಿಲ್ಲ, ಸಂಗ್ರಾಹಕರ ಪಾಡು ಬೇರೆಯೇ. 1991ರಲ್ಲಿ 'ಎಕ್ಸ್-ಮೆನ್' ಹೊಸ ಸರಣಿಯ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಒಂದೇ ಕಥೆಗೆ ಐದು ಬಗೆಯ ಮುಖಪುಟ. ಮರುವರ್ಷ ಸೂಪರ್‌ಮ್ಯಾನ್ ಸತ್ತಾಗ ಆ ಸಂಚಿಕೆಯನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಒಳಗೆ ತೋಳಿಗೆ ಕಟ್ಟಿಕೊಳ್ಳಲು ಕಪ್ಪುಪಟ್ಟಿ ಇಟ್ಟು ಮಾರಿದರು. ಕೊಂಡವರಲ್ಲಿ ಎಷ್ಟೋ ಮಂದಿ ಚೀಲ ಒಡೆಯಲೇ ಇಲ್ಲ. ಮಗನ ಕಾಲೇಜು ಫೀಸಿಗೆ ಆಗುತ್ತದೆಂದು ಕಪಾಟಿನಲ್ಲಿ ಭದ್ರಮಾಡಿದರು. ಎಲ್ಲರ ಕಪಾಟಿನಲ್ಲೂ ಇರುವ ವಸ್ತುವಿಗೆ ಯಾರು ದುಡ್ಡು ಕೊಡುತ್ತಾರೆ? ಆ ಗುಳ್ಳೆ ಒಡೆದು, ಮಾರ್ವೆಲ್ 1996ರ ಕೊನೆಗೆ ದಿವಾಳಿ ಅರ್ಜಿ ಹಾಕಿತು. ಮಹಾಶಯ ಈ ಪುರಾಣವನ್ನು ಕಣ್ಣರಳಿಸಿ ಹೇಳುತ್ತಾನೆ, ಪಕ್ಕದ ಮನೆಯವರ ಚಿಟ್‌ಫಂಡ್ ಮುಳುಗಿದ ಕಥೆಯನ್ನು ಹೇಳುವವರ ಹಾಗೆ. ತನ್ನ ಪುಸ್ತಕಗಳಿಗೆ ಮರುಮಾರಾಟದಲ್ಲಿ ಕವಡೆ ಕಿಮ್ಮತ್ತಿಲ್ಲ ಎನ್ನುವುದೇ ತನ್ನ ಶುದ್ಧಹಸ್ತಕ್ಕೆ ಸಾಕ್ಷಿ ಎಂಬುದು ಅವನ ವಾದ. ಸರಿ, ದುಡ್ಡಿನಾಸೆ ಇಲ್ಲವೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಅವನು ಕೂಡಿಡುತ್ತಿರುವುದಾದರೂ ಏನು?

ನನ್ನ ಮಟ್ಟಿಗೆ ಉತ್ತರ ಇದು: ಅವನು ಕೂಡಿಡುವುದು ಮಂಗಳಗಳನ್ನು. ಹರಿಕಥೆಗೆ ಮಂಗಳವಿದೆ, ಯಕ್ಷಗಾನಕ್ಕೆ ಇದೆ, ಸತ್ಯನಾರಾಯಣನ ಕಥೆಗಂತೂ ಮಂಗಳದ ಜೊತೆಗೆ ಸಪಾದವೂ ಇದೆ. ಸೂಪರ್‌ಹೀರೋ ಕಥೆಗೆ ಇಲ್ಲ. ಸೂಪರ್‌ಮ್ಯಾನ್ 1938ರಿಂದ ಹಾರುತ್ತಲೇ ಇದ್ದಾನೆ, ತಲೆಯಲ್ಲಿ ಒಂದು ಬಿಳಿಕೂದಲಿಲ್ಲ. ಕಪ್ಪುಪಟ್ಟಿ ಕಟ್ಟಿಸಿಕೊಂಡು ಸತ್ತವನೂ ಮರುವರ್ಷವೇ ಎದ್ದು ಬಂದ. ಅವನು ಕಂಪನಿಯ ಆಸ್ತಿ. ಬಾಡಿಗೆ ಬರುತ್ತಿರುವ ಕಟ್ಟಡವನ್ನು ಯಾರೂ ಕೆಡವುವುದಿಲ್ಲ. ಇಂಥ ಮುಗಿಯದ ಕಥೆಯಿಂದ ಒಂದು ತುಂಡು ಕತ್ತರಿಸಿ, ಹಿಂದೆ ಮುಂದೆ ರಟ್ಟು ಹಾಕಿ, "ಇಲ್ಲಿಗೆ ಮುಗಿಯಿತು" ಎಂಬ ಭ್ರಮೆ ಹುಟ್ಟಿಸುವುದೇ ಟ್ರೇಡಿನ ಮಹಿಮೆ. ಮಹಾಶಯನಿಗೆ ಆ ಭ್ರಮೆ ಬೇಕು. ಆದ್ದರಿಂದಲೇ ಅವನ ಪಾಡು ನಗು ತರಿಸುತ್ತದೆ, ಕೊಂಚ ಕರುಣೆಯನ್ನೂ: ಮುಗಿಯಲಾರದ್ದನ್ನು ಮುಗಿಸಿದ ಪುಸ್ತಕಗಳಿಗೆ ಮುಗಿಯದಷ್ಟು ದುಡ್ಡು ಸುರಿಯುತ್ತಾನೆ.

ಭ್ರಮೆ ಎಂದು ಸುಮ್ಮನೆ ಹೇಳಿದ್ದಲ್ಲ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಜೇಡ ಕಚ್ಚಿಸಿ, ಹುಡುಗನಿಗೆ ಶಕ್ತಿ ಬರಿಸಿ, ಅಹಂಕಾರ ಹತ್ತಿಸಿ, ಚಿಕ್ಕಪ್ಪನನ್ನು ಕೊಲ್ಲಿಸಿ, ಪಶ್ಚಾತ್ತಾಪ ಪಡಿಸಿ ಸ್ಪೈಡರ್‌ಮ್ಯಾನ್‌ನನ್ನು ಬೀದಿಗಿಳಿಸಿದ್ದು ಹನ್ನೊಂದು ಪುಟಗಳಲ್ಲಿ. 2000ದಲ್ಲಿ 'ಅಲ್ಟಿಮೇಟ್ ಸ್ಪೈಡರ್-ಮ್ಯಾನ್' ಎಂದು ಅದೇ ಕಥೆಯನ್ನು ಹೊಸದಾಗಿ ಹೇಳಿದಾಗ ಮೊದಲ ಸಂಪುಟಕ್ಕೆ ಏಳು ಸಂಚಿಕೆ ಬೇಕಾದವು. ಎರಡನೆಯದು ಕೆಟ್ಟದ್ದೇನಲ್ಲ, ಆ ಹುಡುಗನ ಮಾತುಕತೆಯಲ್ಲಿ ಒಂದು ಸೊಗಸಿದೆ. ಆದರೆ ಆಮೇಲೆ ಬರೆಯುವವರೆಲ್ಲ ಟ್ರೇಡಿನ ಅಳತೆಗೇ ಬರೆಯತೊಡಗಿದರು. ಆರು ಸಂಚಿಕೆಗೆ ಒಂದು ಕಥೆ ಎಂಬುದು ಆರು ಗಜದ ಸೀರೆಯ ಹಾಗೆ ರೂಢಿಯಾಯಿತು, ಉಡುವವರ ಗಾತ್ರ ಎಷ್ಟೇ ಇರಲಿ. ನಾಲ್ಕು ಪುಟದ ವಿಷಯಕ್ಕೆ ಇಬ್ಬರು ಕಾಫಿ ಕುಡಿಯುತ್ತ ಕೂರುವ ಚಿತ್ರಗಳನ್ನು ಸೇರಿಸಿ ಉದ್ದ ಎಳೆದರು. ತಿಂಗಳಿಗೊಂದು ಸಂಚಿಕೆ ಕೊಳ್ಳುವವನಿಗೆ ಕೈಗೇನೂ ಸಿಗದಂತಾಗಿ ಅವನೂ "ಟ್ರೇಡ್ ಬರಲಿ ಬಿಡು" ಎಂದು ಕಾಯಲು ಕೂತ. ಮಂಗಳ ಬೇಕೆಂದು ಹಟ ಹಿಡಿದ ಶ್ರೋತೃ ಕೊನೆಗೆ ದಾಸರ ಕಥೆಯ ನಡಿಗೆಯನ್ನೇ ಬದಲಿಸಿದ.

ಆ ಮಂಗಳವಾದರೂ ನೆಟ್ಟಗೆ ದಕ್ಕುತ್ತದೆಯೇ? ಮಹಾಶಯನ ಕಪಾಟಿನ ಹತ್ತಿರ ಹೋಗಿ ನೋಡಬೇಕು. ಮ್ಯಾಟ್ ಫ್ರ್ಯಾಕ್ಷನ್ ಬರೆದ, ಹೆಚ್ಚಿನ ಸಂಚಿಕೆಗಳಿಗೆ ಡೇವಿಡ್ ಆಹಾ ಚಿತ್ರ ಬರೆದ 'ಹಾಕ್‌ಐ' 2012ರಿಂದ 2015ರವರೆಗೆ 22 ಸಂಚಿಕೆ ಬಂತು. ಅದರಲ್ಲೊಂದು ಪೂರ್ತಿ ಸಂಚಿಕೆಯನ್ನು ನಾಯಿಯ ಮೂಗಿನ ಮೂಲಕ ಹೇಳಿದ ಜಾಣ್ಮೆಗೆ ನಾನೂ ತಲೆದೂಗುತ್ತೇನೆ. ಅದರ ಮೂರನೇ ಸಂಪುಟದಲ್ಲಿರುವುದು 14, 16, 18, 20 ಮತ್ತೊಂದು ವಾರ್ಷಿಕ ಸಂಚಿಕೆ. ನಾಲ್ಕನೆಯದರಲ್ಲಿ 12, 13, 15, 17, 19, 21, 22. ಎರಡು ಕಥೆ ಎರಡು ಊರಿನಲ್ಲಿ ನಡೆಯುವುದರಿಂದ ಹೀಗೆ ಬಿಡಿಸಿಟ್ಟರು, ಅದಕ್ಕೊಂದು ನ್ಯಾಯವಿದೆ. ಆದರೆ ಬಂದ ಕ್ರಮದಲ್ಲಿ ಓದಲು ಹೊರಟವನು ಎರಡು ಪುಸ್ತಕ ತೊಡೆಯ ಮೇಲಿಟ್ಟು, ಎರಡರಲ್ಲೂ ಬೆರಳು ಸಿಕ್ಕಿಸಿಕೊಂಡು ಹಿಂದೆ ಮುಂದೆ ಜಿಗಿಯಬೇಕು. ನಮ್ಮ ಘನಪಾಠಿಗಳು ಪದಗಳನ್ನು ಮುಂದಕ್ಕೆ ಹಿಂದಕ್ಕೆ ಹೆಣೆದು ಹೇಳಲು ವರ್ಷಗಟ್ಟಲೆ ಕಲಿಯುತ್ತಾರೆ. ಮಹಾಶಯ ಅದನ್ನು ಸೋಫಾದ ಮೇಲೆ ಸಾಧಿಸಿದ್ದಾನೆ. ಇನ್ನು ಮಾರ್ವೆಲ್ 2013ರಲ್ಲಿ ಆರಂಭಿಸಿದ 'ಎಪಿಕ್ ಕಲೆಕ್ಷನ್' ಎಂಬ ಟ್ರೇಡ್ ಮಾಲೆ. ಸಂಪುಟದ ಸಂಖ್ಯೆ ಕಥೆಯ ಕಾಲಕ್ರಮದಂತೆ, ಪ್ರಕಟಣೆ ಮಾತ್ರ ಅವರಿಗೆ ತೋಚಿದಂತೆ. ಹತ್ತನೆಯದು ಬಂದು ಎಷ್ಟೋ ಕಾಲದ ಮೇಲೆ ಎರಡನೆಯದು ಬರಬಹುದು, ನಡುವಿನ ಏಳನೆಯದಕ್ಕೆ ತಿಥಿ ನಕ್ಷತ್ರ ಗೊತ್ತಿಲ್ಲ. ಮಹಾಶಯ ಬರಲಿರುವ ಸಂಪುಟಗಳಿಗೆ ಕಪಾಟಿನಲ್ಲಿ ಜಾಗ ಬಿಟ್ಟು, ಉಳಿದವು ವಾಲದಂತೆ ನಡುವೆ ಬೇಳೆಡಬ್ಬಿ ಇಟ್ಟಿರುತ್ತಾನೆ. ಮನೆಯವರು ಡಬ್ಬಿ ತೆಗೆದರೆ ಆಗುವ ಸದ್ದೇ ಬೇರೆ, ಅದರ ನಂತರದ ಸದ್ದು ಇನ್ನೂ ಬೇರೆ.

ಅವನು ಪುಸ್ತಕ ಓದುವ ಭಂಗಿಯೂ ನೋಡತಕ್ಕದ್ದು. ಅಂಟು ಹಾಕಿದ ಬೆನ್ನು ಪೂರ್ತಿ ಬಿಚ್ಚಿದರೆ ಬಿರಿಯುತ್ತದೆ. ಬಿಚ್ಚದಿದ್ದರೆ ಎರಡು ಪುಟಕ್ಕೆ ಹರಡಿದ ಚಿತ್ರದ ನಡುಭಾಗ ಸೀಳಿನೊಳಗೆ ಮುಳುಗುತ್ತದೆ. ಆದ್ದರಿಂದ ಅರೆತೆರೆದ ಬಾಗಿಲಿನಷ್ಟೇ ತೆರೆದು, ಬಾವಿಯಲ್ಲಿ ಬಿದ್ದ ಬಿಂದಿಗೆಗೆ ಇಣುಕುವಂತೆ ಇಣುಕಿ, ಸೀಳಿನಲ್ಲಿ ಅಡಗಿದ ಮಾತನ್ನು ಅಂದಾಜಿನ ಮೇಲೆ ಓದಿಕೊಳ್ಳುತ್ತಾನೆ. ಹೊಲಿಗೆಯ ಬೈಂಡಿಂಗೋ ಬರೀ ಅಂಟೋ ಎಂದು ಪುಸ್ತಕದ ನೆತ್ತಿ ನೋಡಿಯೇ ಹೇಳಬಲ್ಲ. ಒಂದೇ ಸರಣಿಯ ನಾಲ್ಕನೇ ಸಂಪುಟದಿಂದ ಬೆನ್ನಿನ ವಿನ್ಯಾಸ ಬದಲಾದರೆ ಆ ದಿನ ಅವನಿಗೆ ಊಟ ರುಚಿಸುವುದಿಲ್ಲ.

ಇದೆಲ್ಲ ಕಂಪನಿಗಳು ಟೋಪಿ ಹಾಕುವ ವಿದ್ಯೆ, ಈತ ಹಾಕಿಸಿಕೊಳ್ಳುವ ತಲೆ, ಅಷ್ಟೇ ಅಲ್ಲವೇ ಎಂದು ಕೇಳಬಹುದು. ಅರ್ಧ ನಿಜ. ಒಂದೇ ಕಥೆಯನ್ನು ಫ್ಲಾಪಿ, ಟ್ರೇಡ್, ಗಟ್ಟಿರಟ್ಟು, ಎತ್ತಿದರೆ ಮಣಿಕಟ್ಟು ನೋಯುವ ಓಮ್ನಿಬಸ್ ಎಂದು ನಾಲ್ಕು ಬಾರಿ ಮಾರುತ್ತಾರೆ. ಹಿಗ್ಗಿಸಿದ್ದು ಸಾಲದೆಂದು 2024ರಲ್ಲಿ ಬ್ಯಾಟ್‌ಮನ್ ಪ್ರಕಾಶಕರಾದ ಡಿ.ಸಿ. ಕಂಪನಿ ಅದನ್ನೇ ಕುಗ್ಗಿಸಿ, ಐದೂವರೆ ಇಂಚು ಅಗಲದ 'ಕಾಂಪ್ಯಾಕ್ಟ್' ಮಾಡಿ 9.99 ಡಾಲರಿಗೆ ಬಿಟ್ಟಿತು. ಮಹಾಶಯ ಅದನ್ನೂ ಕೊಂಡ, "ಯಾರಿಗಾದರೂ ಕೊಡಲು ಆಗುತ್ತೆ" ಎಂದು. ಅವನ ಲೆಕ್ಕಶಾಸ್ತ್ರ ಕೇಳಿ: 3.99 ಡಾಲರಿನ ಆರು ಸಂಚಿಕೆಗೆ ಸುಮಾರು 24 ಡಾಲರ್, ಟ್ರೇಡ್ 18ಕ್ಕೆ ಸಿಕ್ಕರೆ ಆರು ಡಾಲರ್ ಉಳಿತಾಯ. ಮನೆಯಲ್ಲಿ ನಾನೂರು ಟ್ರೇಡ್ ಇದ್ದರೆ ಉಳಿತಾಯ 2,400 ಡಾಲರ್. ಆ ದುಡ್ಡು ಎಲ್ಲಿದೆ ಎಂದು ಹೆಂಡತಿ ಕೇಳಿದರೆ ಕಪಾಟು ತೋರಿಸುತ್ತಾನೆ. ಆದರೂ ಬರೀ ಮೋಸಹೋದವನೆಂದು ಅವನನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಅವನ ಶಿಫಾರಸಿಗೆ ಕಂಪನಿಯ ಜಾಹೀರಾತಿಗಿಲ್ಲದ ಬಲವಿದೆ, ಮತ್ತು ಅದರ ಪರಿಣಾಮ ಅವನಿಗೇ ಬಿಸಿತುಪ್ಪ. 'ವಾಚ್‌ಮೆನ್' ಸಂಗತಿಯನ್ನೇ ನೋಡಿ. ಪುಸ್ತಕದ ಅಚ್ಚು ನಿಂತು ನಿಗದಿತ ಕಾಲ ಕಳೆದರೆ ಹಕ್ಕು ಲೇಖಕ ಅಲನ್ ಮೂರ್ ಮತ್ತು ಚಿತ್ರಕಾರ ಡೇವ್ ಗಿಬ್ಬನ್ಸ್‌ಗೆ ಮರಳಬೇಕೆಂಬುದು ಒಪ್ಪಂದ. ಕಾಮಿಕ್ಸ್‌ಗಳ ಆಯಸ್ಸು ಆಗ ತಿಂಗಳುಗಳ ಲೆಕ್ಕದ್ದು, ಬೇಗ ಮರಳೀತೆಂದು ನಂಬುವುದು ಸಹಜವಾಗಿತ್ತು. 1987ರಿಂದ ಇವತ್ತಿನವರೆಗೆ ಅಚ್ಚು ನಿಂತಿಲ್ಲ. ಮೂರ್‌ಗೆ ಆದ ಅನ್ಯಾಯವನ್ನು ಮಹಾಶಯ ಅರ್ಧ ಗಂಟೆ ಕಣ್ಣಂಚು ಒದ್ದೆಯಾಗುವಂತೆ ವಿವರಿಸುತ್ತಾನೆ. ಕೇಳಿದವನು ಕರಗಿ, "ಅಷ್ಟು ಚೆನ್ನಾಗಿದೆಯಾ ಸಾರ್?" ಎಂದರೆ, "ಮೊದಲು ಅದನ್ನೇ ತಗೋ" ಎನ್ನುತ್ತಾನೆ. ಅಚ್ಚು ಇನ್ನೊಂದು ಪ್ರತಿಯಷ್ಟು ಮುಂದುವರಿಯುತ್ತದೆ.

ಎಲ್ಲವೂ ಫೋನಿನಲ್ಲಿ ತಿಂಗಳ ಚಂದಾಕ್ಕೆ ಸಿಗುವಾಗ ಈ ರದ್ದಿ ಯಾಕೆ ಎಂಬ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ಫೋನನ್ನು ಎರವಲು ಕೊಡಲಾಗದು. ಎರವಲು ಕೊಟ್ಟು, ವಾಪಸು ಬರುವವರೆಗೆ ಚಡಪಡಿಸುವ ಸುಖವನ್ನು ಯಾವ ಚಂದಾವೂ ಕೊಡದು.

ಗಟ್ಟಿ ಆಕ್ಷೇಪ ಬೇರೆಯದಿದೆ: ಶುರುವಿನಿಂದಲೇ ಓದಬೇಕೆಂದು ಹೇಳಿದವರು ಯಾರು? ಪ್ರತಿ ಸಂಚಿಕೆಯೂ ಯಾರೋ ಒಬ್ಬ ಮಗುವಿಗೆ ಮೊದಲ ಸಂಚಿಕೆಯೇ ಎಂಬುದು ಹಳೇ ಕಾಮಿಕ್ಸ್ ಸಂಪಾದಕರ ನಂಬಿಕೆ. 1964ರಿಂದ ಬಂದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್‌ನನ್ನು ಓದಿ ಬೆಳೆದ ತಲೆಮಾರು, ಕೈಗೆ ಸಿಕ್ಕ ಮುಖಪುಟ ಹರಿದ ಸಂಚಿಕೆಯಿಂದ ಶುರು ಮಾಡಿ, ತಲೆಬುರುಡೆ ಗುಹೆಗೆ ದಾರಿ ತಾನೇ ಕಂಡುಕೊಂಡಿತು. ಮಳೆ ಬಾರದಿದ್ದರೆ ವಿರಾಟಪರ್ವ ಓದಿಸುವ ನಮ್ಮ ಊರುಗಳು "ಮೊದಲು ಆದಿಪರ್ವ ಮುಗಿಸಿ ಬನ್ನಿ" ಎಂದು ಮೋಡಗಳಿಗೆ ಹೇಳಿದ್ದಿಲ್ಲ. ಬಯಲಾಟಕ್ಕೆ ನಡುರಾತ್ರಿ ಬಂದು ಚಾಪೆ ಹಾಸಿದವನನ್ನು ಯಾವ ಭಾಗವತರೂ ವಾಪಸು ಕಳಿಸಲಿಲ್ಲ. ಈ ವಾದಕ್ಕೆ ನಾನು ಮುಕ್ಕಾಲು ತಲೆಬಾಗುತ್ತೇನೆ. ಕ್ರಮದ ಹುಚ್ಚಿನಿಂದ ಮಹಾಶಯ ಓದುಗರನ್ನು ಸೃಷ್ಟಿಸಿದ್ದಕ್ಕಿಂತ ಓಡಿಸಿದ್ದೇ ಹೆಚ್ಚಿರಬೇಕು. ಉಳಿದ ಕಾಲುಭಾಗ ಮಾತ್ರ ಅವನದು: ವಿರಾಟಪರ್ವದ ಮುಂದೆ ಕೂತವನಿಗೆ ಕೀಚಕ ಯಾರೆಂದು ಅಜ್ಜಿ ಎಂದೋ ಹೇಳಿರುತ್ತಾಳೆ. ಬೆಂಗಳೂರಿನ ಹುಡುಗನಿಗೆ ಎಕ್ಸ್-ಮೆನ್ ವಂಶದ ಜಗಳಗಳನ್ನು ಹೇಳುವ ಅಜ್ಜಿ ಎಲ್ಲಿದ್ದಾಳೆ? ಅಮೆರಿಕದ ಹುಡುಗನಿಗೂ ಈಗ ಇಲ್ಲ. ಅವನ ಅಜ್ಜಿ ಸಿನಿಮಾ, ಅದೂ ಕಥೆ ತಪ್ಪುತಪ್ಪಾಗಿ ಹೇಳುವ ಅಜ್ಜಿ. ಖಾಲಿ ಬಿದ್ದ ಆ ಮಂಚದ ಮೇಲೆ ಮಹಾಶಯ ಕೂತಿದ್ದಾನೆ. ಅಜ್ಜಿಯಷ್ಟು ಚುಟುಕಾಗಿ ಹೇಳಲು ಬರುವುದಿಲ್ಲ, ಅದೊಂದೇ ಕೊರತೆ.

ಹೇಳಬಹುದೆಂಬುದಕ್ಕೆ ಪುರಾವೆ ಅವನ ಕಪಾಟಿನಲ್ಲೇ ಇದೆ. ಗ್ರ್ಯಾಂಟ್ ಮಾರಿಸನ್, ಫ್ರ್ಯಾಂಕ್ ಕ್ವೈಟ್ಲಿ ಜೋಡಿಯ 'ಆಲ್-ಸ್ಟಾರ್ ಸೂಪರ್‌ಮ್ಯಾನ್' 2005ರಿಂದ 2008ರವರೆಗೆ ಬಂದ ಹನ್ನೆರಡು ಸಂಚಿಕೆ. ಅದರ ಮೊದಲ ಪುಟದಲ್ಲಿ ಗ್ರಹ ಸಿಡಿಯುವುದರಿಂದ ಹಿಡಿದು ಮಗು ರೈತ ದಂಪತಿಗೆ ಸಿಗುವವರೆಗಿನ ಜನ್ಮವೃತ್ತಾಂತವೆಲ್ಲ ನಾಲ್ಕು ಚಿತ್ರ, ಇಂಗ್ಲಿಷಿನ ಎಂಟು ಪದಗಳಲ್ಲಿ ಮುಗಿದುಹೋಗುತ್ತದೆ. ಹಿಂದೇನೂ ಓದಿರಬೇಕಾಗಿಲ್ಲ. ಮಂಗಳವೂ ಇದೆ, ನಿಜವಾದದ್ದು. ಮಹಾಶಯರಲ್ಲಿ ಪಳಗಿದವರು ಪಟ್ಟಿಗಿಟ್ಟಿ ಬರೆಯದೆ ಇದೊಂದನ್ನು ಕೈಗಿಟ್ಟು ಸುಮ್ಮನಾಗುತ್ತಾರೆ. ಸುಮ್ಮನಾಗಲು ಎಷ್ಟು ಕಷ್ಟಪಡುತ್ತಾರೆಂಬುದು ಗಂಟಲಿನ ಏರಿಳಿತದಲ್ಲಿ ಕಾಣುತ್ತದೆ. "ಊಟ ಮಾಡ್ತಾ ಓದಬೇಡ" ಎಂದಷ್ಟೇ ಬಾಗಿಲವರೆಗೆ ಬಂದು ಹೇಳುತ್ತಾರೆ. ಮೂರು ವಾರದ ಮೇಲೆ ಪುಸ್ತಕ ವಾಪಸು ಬರುತ್ತದೆ: ಬೆನ್ನಿನ ಮೇಲೆ ಉದ್ದಕ್ಕೆ ಬಿಳಿ ಬಿರುಕು, ಕೊನೆಯ ಸಂಚಿಕೆಯ ಅಂಚಿಗೆ ಸಾರಿನ ಕಲೆ. ತಂದವನು "ಇದರ ಮುಂದಿನದು ಇದೆಯಾ ಸಾರ್?" ಎನ್ನುತ್ತಾನೆ. ಮಹಾಶಯ ಒಂದು ಹೆಬ್ಬೆರಳಿನಿಂದ ಕಲೆ ಉಜ್ಜುತ್ತ, ಇನ್ನೊಂದು ಕೈಯಲ್ಲಿ ಬೇಳೆಡಬ್ಬಿಯನ್ನು ಪಕ್ಕಕ್ಕೆ ಸರಿಸುತ್ತಾನೆ.