ಶ್ವಾನಾಯದಿಂದ ಸಿಂಹಾಯಕ್ಕೆ

ಮದುವೆಮನೆಯಲ್ಲಿ ಆರ್ಕಿಟೆಕ್ಚರ್ ಓದುವ ಹುಡುಗಿಯನ್ನು ಗುರುತಿಸುವುದು ಸುಲಭ. ಉಳಿದವರೆಲ್ಲ ಮದುಮಕ್ಕಳನ್ನು ನೋಡುತ್ತಿದ್ದರೆ ಅವಳು ಛತ್ರದ ಸೂರು ನೋಡುತ್ತಿರುತ್ತಾಳೆ. ಇಷ್ಟಗಲದ ಹಾಲಿನ ನಡುವೆ ಆ ಕಂಬ ಯಾಕೆ ಬಂತು, ಕೈ ತೊಳೆಯುವಲ್ಲಿಗೆ ಇಳಿಯುವ ಮೆಟ್ಟಿಲು ಒಂದರಂತೆ ಇನ್ನೊಂದು ಯಾಕಿಲ್ಲ ಎಂಬುದೇ ಚಿಂತೆ.

‘ಏನಮ್ಮ ಓದ್ತಿರೋದು, ಸಿವಿಲ್ಲಾ?’ ಎನ್ನುತ್ತಾರೆ ಪಕ್ಕದ ಎಲೆಯವರು.

‘ಅಲ್ಲ ಅತ್ತೆ, ಆರ್ಕಿಟೆಕ್ಚರ್.’

‘ಓ, ಇಂಟೀರಿಯರ್ರು!’

ಐದು ವರ್ಷ, ಹತ್ತು ಸೆಮಿಸ್ಟರು ಮುಗಿಯುವವರೆಗೂ ಈ ಮಾತುಕತೆ ಹೀಗೇ ನಡೆಯುತ್ತದೆ. 1972ರ ಕಾಯ್ದೆಯ ಪ್ರಕಾರ ಡಿಗ್ರಿ ಪಡೆದು, ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸುವವರೆಗೆ ಆಕೆ ‘ಆರ್ಕಿಟೆಕ್ಟ್’ ಎಂದು ಹೇಳಿಕೊಳ್ಳುವಂತಿಲ್ಲ. ಅಪ್ಪ ಮಾತ್ರ ಸೀಟು ಸಿಕ್ಕ ದಿನವೇ ಬೀದಿಗೆಲ್ಲ ಹೇಳಿಯಾಗಿರುತ್ತದೆ.

ಇಂಥವಳು ಅಹಮದಾಬಾದಿಗೆ ಸ್ಟಡಿ ಟೂರ್ ಹೋಗಿ ಬಂದಾಗ ಅಮ್ಮ ಆಸೆಯಿಂದ ಮೊಬೈಲ್ ತೆರೆದರೆ ಮಗಳ ಒಂದು ಮುಖವೂ ಕಾಣುವುದಿಲ್ಲ. ಇರುವುದೆಲ್ಲ ಬಿ.ವಿ. ದೋಶಿಯವರ ‘ಸಂಗಾತ್’ನ ಕಮಾನು ಚಾವಣಿ, ಚಾರ್ಲ್ಸ್ ಕೊರಿಯಾ ಸಾಬರಮತಿ ಆಶ್ರಮದಲ್ಲಿ ಕಟ್ಟಿದ ಸಂಗ್ರಹಾಲಯದ ಹೆಂಚು, ಮಳೆನೀರು ಬೀಳುವ ದೋಣಿ. ಬೆಂಗಳೂರಿನ ಐಐಎಂಗೆ ಹೋದರೂ ಇದೇ ಕತೆ. ತಮ್ಮ ‘ತ್ರೀ ಈಡಿಯಟ್ಸ್’ ಚಿತ್ರೀಕರಣವಾದ ಜಾಗ ಹುಡುಕುತ್ತಿದ್ದರೆ, ಅಕ್ಕ ದೋಶಿಯವರ ಕಲ್ಲುಗೋಡೆಯ ಮೇಲೆ ಬಿದ್ದ ನೆರಳಿನ ಮುಂದೆ ಕೂತು ಸ್ಕೆಚ್ ಮಾಡುತ್ತಿರುತ್ತಾಳೆ.

ಕಾಲೇಜಿನಲ್ಲಿ ಡಿಸೈನನ್ನು ಒರೆಗೆ ಹಚ್ಚುವ ಜ್ಯೂರಿಯ ಹಿಂದಿನ ರಾತ್ರಿ ನಿದ್ದೆಯಿಲ್ಲ. ಬೆಳಿಗ್ಗೆ ಫೆವಿಕ್ವಿಕ್ ಅಂಟಿದ ಬೆರಳು, ಬಸ್ಸಿನಲ್ಲಿ ಮಡಿಲ ಮೇಲೊಂದು ಫೋಮ್ ಬೋರ್ಡಿನ ಮಾಡೆಲ್. ಕಂಡಕ್ಟರು ಅದಕ್ಕೂ ಟಿಕೆಟ್ ಕೇಳದಿದ್ದರೆ ಪುಣ್ಯ. ಥೀಸಿಸ್ಸಿಗೆ ಆಕೆ ಕೆರೆ ದಂಡೆಯಲ್ಲಿ ಹತ್ತು ಎಕರೆಯ ಕರಕುಶಲ ಮ್ಯೂಸಿಯಂ ಮಾಡುತ್ತಾಳೆ. ಚಿತ್ರದ ಅಂಗಳದಲ್ಲಿ ಬಲೂನು ಹಿಡಿದ ಬಿಳಿಯ ಮಗು, ಸ್ಕೇಟ್‌ಬೋರ್ಡಿನ ಯುವಕ, ಆಕಾಶದ ತುಂಬ ಹಕ್ಕಿ. ಇಲ್ಲದ್ದು ನೀರಿನ ಟ್ಯಾಂಕು ಮತ್ತು ಚರಂಡಿ ಪೈಪು. ‘ಕಾನ್ಸೆಪ್ಟ್ ಇನ್ನೂ ಗಟ್ಟಿಯಾಗಬೇಕು’ ಎನ್ನುತ್ತಾರೆ ಜ್ಯೂರಿಯವರು. ಪೈಪಿನ ಸುದ್ದಿ ಯಾರೂ ಎತ್ತುವುದಿಲ್ಲ.

ಪೈಪಿನ ಸುದ್ದಿ ಎತ್ತುವವನು ಮೇಸ್ತ್ರಿ. ಮೊದಲ ಕೆಲಸದಲ್ಲಿ ತಿಂಗಳುಗಟ್ಟಲೆ ಟಾಯ್ಲೆಟ್ಟಿನ ಟೈಲ್ಸ್ ಬರೆದು ಬರೆದು ಸಾಕಾದವಳು ಡ್ರಾಯಿಂಗ್ ಹಿಡಿದು ಸೈಟಿಗೆ ಬರುತ್ತಾಳೆ. ‘ಇಲ್ಲಿ 900 ಎಂಎಂ ಬಾಗಿಲು’ ಎಂದರೆ, ‘ಮೂರಡಿ ಅನ್ನಿ ಮೇಡಂ’ ಎನ್ನುತ್ತಾನೆ. ಆಮೇಲೆ ಬಚ್ಚಲ ನೆಲಕ್ಕೆ ಒಂದು ಚೊಂಬು ನೀರು ಸುರಿದು ಸುಮ್ಮನೆ ನಿಲ್ಲುತ್ತಾನೆ. ನೀರು ಜಾಲರಿಯ ಕಡೆ ಹೋಗದೆ ಅವಳ ಚಪ್ಪಲಿಯ ಕಡೆಗೇ ಬರುತ್ತದೆ.

ಆ ಸೈಟೋ, ಮೂವತ್ತು–ನಲವತ್ತು. 1:100ರ ಅಳತೆಯಲ್ಲಿ ಬರೆದರೆ 9 ಸೆಂಟಿಮೀಟರ್ ಅಗಲ, 12 ಉದ್ದ. ಹತ್ತು ಎಕರೆಯಲ್ಲಿ ಓಡಾಡಿದವಳಿಗೆ ಅಂಗೈಯಷ್ಟು ಜಾಗ. ಅದರಲ್ಲೂ ಬಿಡದೆ ನಡುವೆ ಒಂದು ತೊಟ್ಟಿ ಇಡುತ್ತಾಳೆ, ಗಾಳಿ ಬೆಳಕಿಗೆ.

‘ಚೆನ್ನಾಗಿದೆ ಮೇಡಂ. ಆದ್ರೆ ಅಲ್ಲೊಂದು ಸಿಂಗಲ್ ಬೆಡ್‌ರೂಮ್ ಕೂರಿಸಿ, ಬಾಡಿಗೆ ಬರತ್ತೆ’ ಎನ್ನುತ್ತಾರೆ ಮನೆಯ ಯಜಮಾನರು.

ತೊಟ್ಟಿ ಹೋಗುತ್ತದೆ. ಅಷ್ಟರಲ್ಲಿ ವಾಸ್ತುವಿನವರ ಫೋನು: ಆಯ ಕೂಡಿಲ್ಲ. ಉದ್ದ ಅಗಲ ಗುಣಿಸಿ, ಮತ್ತೆ ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿದರೆ ಉಳಿಯುವ ಶೇಷವೇ ಆಯ. ಅವಳ 26–34 ಅಡಿಯ ಮನೆಗೆ ಉಳಿದದ್ದು ನಾಲ್ಕು, ಅಂದರೆ ಶ್ವಾನಾಯ. ಅಗಲದಲ್ಲಿ ಒಂದಡಿ ಕಿತ್ತು ಉದ್ದಕ್ಕೆ ಸೇರಿಸಿ 25–35 ಮಾಡಿದರೆ ಶೇಷ ಮೂರು, ಸಿಂಹಾಯ! ನಾಯಿ ಸಿಂಹವಾಗುವ ಹೊತ್ತಿಗೆ ಮೆಟ್ಟಿಲು ಕಡಿದಾಗಿ, ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಜಾಗವಿಲ್ಲದೆ ಅದು ಹಾಲಿಗೆ ಬಂದಿರುತ್ತದೆ.

ಎರಡು ವರ್ಷ ಕಳೆಯುತ್ತದೆ. ಈಗ ಆಕೆ ನೋಂದಾಯಿತ ಆರ್ಕಿಟೆಕ್ಟ್, ಅಡಿ ಇಂಚುಗಳಲ್ಲೇ ಮಾತು. ಒಂದು ಭಾನುವಾರ ಸೋದರಮಾವ ಬರುತ್ತಾರೆ. ‘ಒಂದು ಪ್ಲ್ಯಾನ್ ಗೀಚಿಕೊಡಮ್ಮ, ಸುಮ್ನೆ ಒಂದು ಹಾಳೇಲಿ.’ ಫೀಸಿನ ಮಾತಿಲ್ಲ.

‘ಬಾಡಿಗೆಗೆ ಎಷ್ಟು ಮನೆ ಬೇಕು ಮಾವ?’

‘ಬಾಡಿಗೆ ಬೇಡಮ್ಮ. ಯೂಟ್ಯೂಬಲ್ಲಿ ನೋಡ್ದೆ, ಮಧ್ಯ ಒಂದು ತೊಟ್ಟಿ ಇಟ್ಟು...’

‘ಮೂವತ್ತು–ನಲವತ್ತರಲ್ಲಿ ತೊಟ್ಟಿ ದಂಡ ಮಾವ,’ ಎನ್ನುತ್ತಾಳೆ ಸೊಸೆ, ‘ಮೊದಲು ಪೈಪ್ ಎಲ್ಲಿ ಹೋಗತ್ತೆ ಹೇಳಿ.’