ಸ್ವಿಚ್ಚಿಗೆ ಕಾಲಜ್ಞಾನ ಕಲಿಸಲು ಹೋಗಿ

ಮನೆಯ ವೈಫೈಯನ್ನು ಶಿಸ್ತಿಗೆ ತರಲು ಹೋಗಿ ಮನೆಮಂದಿಯಿಂದ ಉಗಿಸಿಕೊಂಡವರು ನೀವೂ ಇರುತ್ತೀರಿ. ನೀವಾದರೆ ರೂಟರಿನ ವೈರು ಕಿತ್ತು ಬೀರುವಿನಲ್ಲಿಟ್ಟು ಅಲ್ಲಿಗೇ ನಿಲ್ಲಿಸಿರಬಹುದು. ನಾನು ಓದಿಕೊಂಡವನು, ಅದೇ ಕೆಟ್ಟದ್ದು. ಬಿಡದಿಯ ಗುಜರಿಯಲ್ಲಿ ಯಾವುದೋ ಆಫೀಸು ಬಿಸಾಕಿದ್ದ 24 ಪೋರ್ಟಿನ ಮ್ಯಾನೇಜ್ಡ್ ಸ್ವಿಚ್ ಕಣ್ಣಿಗೆ ಬಿತ್ತು. ನಮ್ಮ ಬೈರಮಂಗಲದ ಮನೆಗೆ ಬೇಕಿದ್ದದ್ದು ಎರಡೇ ಪೋರ್ಟು. ಆದರೂ ಹೊತ್ತು ತಂದೆ.

ಉದ್ದೇಶ ಘನವಾದದ್ದೇ: ಮಗನದು ಎಸ್ಸೆಸ್ಸೆಲ್ಸಿ, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಅವನ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಬಂದ್. ಮೊದಲು ಟೈಮ್ ರೇಂಜ್ ಬರೆಯಬೇಕು, ಅದನ್ನು ಆಕ್ಸೆಸ್ ಲಿಸ್ಟಿನ ಡಿನೈ ಸಾಲಿಗೆ ಗಂಟು ಹಾಕಬೇಕು, ಆ ಲಿಸ್ಟನ್ನು ವೈಫೈ ಪೆಟ್ಟಿಗೆಯ ಪೋರ್ಟಿಗೆ ಹಚ್ಚಬೇಕು. ಬರೆದೆ, ಗಂಟು ಹಾಕಿದೆ, ಹಚ್ಚಿದೆ, ಸೇವ್ ಕೂಡ ಮಾಡಿದೆ. (ಇಷ್ಟು ಸುಲಭವೆಂದರೆ, ಬೆಂಗಳೂರಿಂದ ವೃಷಭಾವತಿ ಹೊತ್ತು ತರುವ ನೊರೆಗೂ ನಮ್ಮ ಕೆರೆಯ ಬಾಯಲ್ಲಿ ಒಂದು ಡಿನೈ ಸಾಲು ಬರೆದುಬಿಡೋಣ ಅನ್ನಿಸಿತು.) ಮೀಸೆ ತಿರುವುತ್ತಿರುವಾಗಲೇ ಇಡೀ ಮನೆಯ ಇಂಟರ್ನೆಟ್ ಹೋಯಿತು. ಆಗಿನ್ನೂ ಸಂಜೆ ನಾಲ್ಕು.

ಆಕ್ಸೆಸ್ ಲಿಸ್ಟಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸಾಲಿರುತ್ತದೆ: ಮೇಲೆ ಹೆಸರಿಲ್ಲದವರೆಲ್ಲ ಹೊರಗೆ. ಅದಕ್ಕೆ ಮುಂಚೆ ‘ಪರ್ಮಿಟ್ ಐಪಿ ಎನಿ ಎನಿ’ ಬರೆಯದಿದ್ದರೆ ಮನೆಗೆಲ್ಲ ಏಕಾದಶಿ. ಬರೆಯೋಣವೆಂದರೆ ನನ್ನ ಲ್ಯಾಪ್‌ಟಾಪೂ ವೈಫೈಯಲ್ಲೇ ಇತ್ತು. ಎಲ್ಲರ ಜೊತೆ ನಾನೂ ಹೊರಗೆ. ಇನ್ನುಳಿದದ್ದು ಕನ್ಸೋಲ್ ಕೇಬಲ್. ಆ ಚಪ್ಪಟೆ ನೀಲಿ ವೈರಿನ ತುದಿಗೆ ಒಂಬತ್ತು ತೂತಿನ ಹಳೇ ಕನೆಕ್ಟರು, ಅದು ಕೂರುವ ಜಾಗವೇ ಈಗಿನ ಲ್ಯಾಪ್‌ಟಾಪಿನಲ್ಲಿಲ್ಲ. ಬಿಡದಿಗೆ ಹೋಗಿ, ಬಸ್ಸು ಹಿಡಿದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೆವರು ಸುರಿಸಿ ಯುಎಸ್‌ಬಿ ಅಡಾಪ್ಟರ್ ತಂದೆ. ಮಗ ಅದನ್ನು ತಿರುಗಿಸಿ ನೋಡಿ, ‘ಲ್ಯಾಪ್‌ಟಾಪನ್ನ ವೈರಲ್ಲಿ ಪಕ್ಕದ ಪೋರ್ಟಿಗೆ ಚುಚ್ಚಿದ್ರೆ ಆಗ್ತಿರಲಿಲ್ವಾ ಅಪ್ಪ?’ ಅಂದ. ಇಪ್ಪತ್ತೆರಡು ಪೋರ್ಟು ಖಾಲಿ ಇದ್ದವು.

ಅವನು ಅಜ್ಜಿಯ ಮೊಬೈಲಿಗೆ ಕೈಹಾಕಿಯಾನೆಂದು ನಿಯಮವನ್ನು ಇಡೀ ಮನೆಗೇ ವಿಸ್ತರಿಸಿ, ಎನ್‌ಟಿಪಿಯಿಂದ ಸ್ವಿಚ್ಚಿಗೆ ನಿಖರ ಸಮಯ ಕೊಡಿಸಿದೆ. ನಿಖರವೇನೋ ಹೌದು, ಆದರೆ ಯುಟಿಸಿ; ಟೈಮ್‌ಝೋನ್ ಐದೂವರೆ ಗಂಟೆ ಮುಂದೆ ಎಂದು ಹೇಳುವುದನ್ನೇ ಮರೆತಿದ್ದೆ. ರಾತ್ರಿ 9ಕ್ಕೆ ಬೀಳಬೇಕಾದ ಬೀಗ ಬಿದ್ದದ್ದು ನಡುರಾತ್ರಿ 2:30ಕ್ಕೆ, ತೆರೆದದ್ದು ಬೆಳಗ್ಗೆ 11:30ಕ್ಕೆ. ಅಷ್ಟರಲ್ಲಿ ನನ್ನ ಆಫೀಸಿನ ಮೀಟಿಂಗು ನಾನಿಲ್ಲದೆಯೇ ಮುಗಿದಿತ್ತು. ರಾಮನಗರದಲ್ಲಿ ಮಾರಿದ ರೇಷ್ಮೆಗೂಡಿನ ದುಡ್ಡು ಖಾತೆಗೆ ಬಿತ್ತೇ ಎಂದು ಚಿಕ್ಕಪ್ಪ ಫೋನು ಉಜ್ಜುತ್ತಲೇ ಇದ್ದರು.

ರೋಷದಿಂದ ಎನ್‌ಟಿಪಿಯನ್ನೇ ಕಿತ್ತು, ಕೈಗಡಿಯಾರ ನೋಡಿ ಟೈಮ್ ಇಟ್ಟೆ. ಅವತ್ತೇ ಸಂಜೆ ಏಳಕ್ಕೆ ಗುಡುಗು ಮಳೆ, ಕರೆಂಟು ಹೋಗಿ ಬಂತು. ನೋಡಿದರೆ ಸ್ವಿಚ್ಚು 1993ರ ಮಾರ್ಚ್ 1ರ ಮಧ್ಯರಾತ್ರಿಗೆ ಹೋಗಿ ಕೂತಿದೆ! ಇಂಥ ಹಳೇ ಸ್ವಿಚ್ಚಿನ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಕರೆಂಟು ಹೋದಾಗಲೆಲ್ಲ ಅಲ್ಲಿಂದಲೇ ಹೊಸ ಜನ್ಮ. ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದೇ 1995ರ ಆಗಸ್ಟ್ 15ಕ್ಕೆ. ಆದ್ದರಿಂದ 1993ರಲ್ಲಿ ಕೂತ ಸ್ವಿಚ್ಚು ಇಂಟರ್ನೆಟ್ ಇಲ್ಲ ಅಂದದ್ದರಲ್ಲಿ ಅದರ ತಪ್ಪೇನೂ ಇಲ್ಲ. ಇದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದೆ. ಧಾರಾವಾಹಿ ಅರ್ಧಕ್ಕೆ ನಿಂತ ಟೀವಿ ಮುಂದೆ ಕೂತಿದ್ದ ಅವರು ನನ್ನ ಕಡೆ ತಿರುಗಲೂ ಇಲ್ಲ.

ಪರೀಕ್ಷೆಗೆ ಓದುವ ರಜೆ ಬಂದ ಮೇಲಂತೂ ವಿಚಿತ್ರ. ಮಟಮಟ ಮಧ್ಯಾಹ್ನ 12ಕ್ಕೆ ಸಾಯುವ ಇಂಟರ್ನೆಟ್ಟು ರಾತ್ರಿ 9ಕ್ಕೆ ಸರಿಯಾಗಿ ಎದ್ದು ಕೂತು ಬೆಳಗಿನವರೆಗೂ ಓಡುತ್ತಿತ್ತು. ಕೇಬಲ್ಲನ್ನು ಶಂಕಿಸಿದೆ, ಸ್ವಿಚ್ಚನ್ನು ಶಂಕಿಸಿದೆ, ವಾಸ್ತುವನ್ನೂ ಬಿಡಲಿಲ್ಲ. ಕಡೆಗೆ ಮಗನ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟ ಸಿಕ್ಕಿತು: ‘ಮಧ್ಯಾಹ್ನ 3ಕ್ಕೆ ಪ್ಲಗ್ ಕಿತ್ತು ಹಾಕಿದರೆ ಅದಕ್ಕೆ ರಾತ್ರಿ 12. ಅದರ ಬೆಳಗ್ಗೆ 6 = ನಮ್ಮ ರಾತ್ರಿ 9. ಅದರ ರಾತ್ರಿ 9 = ನಮ್ಮ ಮಾರನೇ ಮಧ್ಯಾಹ್ನ 12.’ ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಗಣಿತದಲ್ಲಿ ಹಿಂದೆ ಬಿದ್ದಾನೆಂದೇ ನಾನು ಇಷ್ಟೆಲ್ಲ ಕಟ್ಟಿದ್ದು. ಬೈಯಲು ಬಾಯಿ ಬರಲಿಲ್ಲ.

ಸ್ವಿಚ್ಚಿನ ಪಾಸ್‌ವರ್ಡ್ ಈಗ ಅವನ ಕೈಯಲ್ಲಿದೆ. ಎನ್‌ಟಿಪಿ ಇದೆ, ಟೈಮ್‌ಝೋನ್ ಇದೆ, ಕೊನೆಯಲ್ಲಿ ಪರ್ಮಿಟ್ ಎನಿ ಎನಿಯೂ ಇದೆ. ಅದರ ಮೇಲೆ ಒಂದೇ ಒಂದು ಡಿನೈ ಸಾಲು: ರಾತ್ರಿ 10ರಿಂದ, ನನ್ನ ಮೊಬೈಲಿಗೆ.