ಜೂನ್ ಒಂದರ ಮಕ್ಕಳು, ಪಂಚಮಿಯ ರಾಣಿ

ನೆಲಮಂಗಲ ತಾಲ್ಲೂಕಿನ ಚರಿತ್ರೆಯಲ್ಲಿ ಅತಿ ದೊಡ್ಡ ದಿನ ಯಾವುದು ಅಂತ ಕೇಳಿದರೆ, ಅನುಮಾನವೇ ಬೇಡ, ಜೂನ್ 1. ಒಂದು ತಲೆಮಾರಿನ ಅರ್ಧ ಜನ ಹುಟ್ಟಿದ್ದೇ ಅವತ್ತು. ಮಗನನ್ನು ಸ್ಕೂಲಿಗೆ ಸೇರಿಸಲು ಬಂದ ಅಪ್ಪ, ‘ರಾಗಿ ಕಣ ಮಾಡೋ ಹೊತ್ತು ಸ್ವಾಮಿ, ಶಿವಗಂಗೆ ಜಾತ್ರೆಗೆ ಇನ್ನೂ ವಾರ ಇತ್ತು’ ಅಂತ ನಿಖರವಾಗಿಯೇ ಹೇಳಿರುತ್ತಾನೆ. ಹೆಡ್‌ಮಾಸ್ಟರು ಹುಡುಗನ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟಿಸಿ, ರಿಜಿಸ್ಟರಿನಲ್ಲಿ ಜೂನ್ 1 ಅಂತ ಗೀಚಿದರೆ ಮುಗಿಯಿತು. ಜನ್ಮಕುಂಡಲಿಯೂ ತಿದ್ದಲಾರದ ಜನ್ಮದಿನ ಅದು. ಪೆನ್ಷನ್ನೂ ಅದರ ಮೇಲೆಯೇ.

ಇಂಥ ನಮಗೆ ಪೇಪರಿನ ‘ಇತಿಹಾಸದಲ್ಲಿ ಈ ದಿನ’ ಅಂದರೆ ಪ್ರಾಣ. ದಾಬಸ್‌ಪೇಟೆ ಸರ್ಕಲ್ಲಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಆರುತ್ತಿದ್ದರೂ ಯಾರಾದರೊಬ್ಬರು ಅದನ್ನು ಗಟ್ಟಿಯಾಗಿ ಓದಲೇಬೇಕು. ಪ್ಯಾರಿಸ್ಸಿನ ಬಾಸ್ಟೀಲ್ ಕೋಟೆ ಬಿದ್ದದ್ದು ಜುಲೈ 14 ಅಂತ ಸಪ್ಲೈಯರ್ ಹುಡುಗನಿಗೂ ಬಾಯಿಪಾಠ. ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆ ಯಾವತ್ತು ಬೇರೆಯಾಯಿತು ಅಂತ ಕೇಳಿ, ಎಲ್ಲರೂ ಚಟ್ನಿ ನೋಡುತ್ತಾರೆ. 1986ರ ಆಗಸ್ಟ್ 15. ಧ್ವಜಾರೋಹಣದ ಗದ್ದಲದಲ್ಲಿ ಹುಟ್ಟಿದ ಮಗುವನ್ನು ಯಾರು ನೋಡುತ್ತಾರೆ? ಬೇರೆ ಸಂಸಾರ ಹೂಡಿದ ಮೇಲೂ ಡಿಸಿ ಆಫೀಸು ಎಷ್ಟೋ ವರ್ಷ ಬೆಂಗಳೂರು ಸಿಟಿಯಲ್ಲೇ ಇತ್ತು, ಅದು ಬೇರೆ ಮಾತು. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಕೂತ ಸಚಿವ ಸಂಪುಟ ಇದಕ್ಕೆ ‘ಬೆಂಗಳೂರು ಉತ್ತರ’ ಅಂತ ಮರುನಾಮಕರಣಕ್ಕೆ ಒಪ್ಪಿತು. ನಾಮಕರಣವೇ ಎರಡಾದರೆ ಹುಟ್ಟುಹಬ್ಬ ಯಾವುದಕ್ಕೆ ಮಾಡೋಣ?

ತಾರೀಕಿನ ವಿಷಯದಲ್ಲಿ ಶಿಸ್ತು ಅಂದರೆ ಮಾಸ್ತಿಯವರದ್ದು. 1891ರ ಜೂನ್ 6ಕ್ಕೆ ಹುಟ್ಟಿ, 1986ರ ಜೂನ್ 6ಕ್ಕೇ ಹೊರಟರು; ಪೇಪರಿನವರಿಗೆ ಒಂದು ಸಾಲು ಉಳಿಸಿದರು. ಜಗತ್ತು ಕುಚೇಷ್ಟೆಗೆಂದು ಮೀಸಲಿಟ್ಟ ಏಪ್ರಿಲ್ 1ನ್ನು ಮಗ್ಗುಲಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1907ರಲ್ಲಿ ಹುಟ್ಟಿ ನಮ್ಮ ಪಾಲಿಗೆ ಉದ್ಧಾರ ಮಾಡಿದರು. ಅವತ್ತು ಈ ರಸ್ತೆಯಲ್ಲಿ ಯಾರೂ ಯಾರನ್ನೂ ಫೂಲ್ ಮಾಡುವುದಿಲ್ಲ. ಮಠಕ್ಕೆ ಹೋಗಿ ಊಟ ಮಾಡಿ ಬರುತ್ತಾರೆ.

ಆದರೆ ತಾರೀಕನ್ನು ಇಷ್ಟು ನಂಬಬಹುದೇ ಅಂತ ನನಗೆ ಅನುಮಾನ. 1752ರಲ್ಲಿ ಇಂಗ್ಲಿಷರು ಸೆಪ್ಟೆಂಬರ್ 2ರ ರಾತ್ರಿ ಮಲಗಿ ಬೆಳಿಗ್ಗೆ ಎದ್ದಾಗ ಸೆಪ್ಟೆಂಬರ್ 14! ಕ್ಯಾಲೆಂಡರ್ ಸರಿಮಾಡುವ ಭರದಲ್ಲಿ ಹನ್ನೊಂದು ದಿನ ನುಂಗಿಬಿಟ್ಟಿದ್ದರು. ಆ ದಿನಗಳಲ್ಲಿ ಇಡೀ ಇಂಗ್ಲೆಂಡಿನಲ್ಲಿ ಒಂದು ಹುಟ್ಟಿಲ್ಲ, ಒಂದು ಸಾವಿಲ್ಲ. ನಮ್ಮ ಸಂಕ್ರಾಂತಿಯೇನು ಕಡಿಮೆಯೇ? ವಿವೇಕಾನಂದರು ಹುಟ್ಟಿದ 1863ರ ಜನವರಿ 12ರಂದು ಮಕರ ಸಂಕ್ರಾಂತಿ. ಭೂಮಿಯ ಅಕ್ಷ ಬುಗುರಿಯ ಹಾಗೆ ಓಲಾಡುವುದರಿಂದ ಸುಮಾರು 70 ವರ್ಷಕ್ಕೊಂದು ದಿನ ಜಾರುತ್ತಾ, 1900ರಲ್ಲಿ ಫೆಬ್ರವರಿ 29 ಬಾರದ್ದೂ ಸೇರಿ, ಹಬ್ಬ ಈಗ 14ಕ್ಕೋ 15ಕ್ಕೋ ಬಂದು ಕೂತಿದೆ. ಶಿವಗಂಗೆಯ ಗಂಗಾಧರೇಶ್ವರ ಮಾತ್ರ ಇದಕ್ಕೆಲ್ಲ ತಲೆಕೆಡಿಸಿಕೊಂಡಿಲ್ಲ. ಸಂಕ್ರಾಂತಿ ಎಂದೋ ಅಂದೇ ಅವನಿಗೆ ಗಿರಿಜಾ ಕಲ್ಯಾಣ, ಬೆಟ್ಟದ ತುದಿಯ ತೀರ್ಥಕಂಬದ ನೀರಿನಿಂದ.

ಹೊಟ್ಟೆ ಉರಿಯುವುದು ಅದೇ ಬೆಟ್ಟದ ಇನ್ನೊಂದು ಸುದ್ದಿಗೆ. ನಮ್ಮ ಪೇಟೆಗೆ ಹೆಸರು ಕೊಟ್ಟವರು ಮಾರ್ಕ್ ಕಬ್ಬನ್ನರ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ಡಾಬ್ಸ್ ಸಾಹೇಬರು, ನಿನ್ನೆ ಮೊನ್ನೆಯವರು. ಅವರಿಗಿಂತ ಏಳುನೂರು ವರ್ಷ ಮೊದಲೇ ಇಲ್ಲೊಂದು ಸಾವು ದಿನ, ವಾರದ ಸಮೇತ ಕಲ್ಲಿನಲ್ಲಿ ದಾಖಲಾಗಿದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ತೀರಿಕೊಂಡದ್ದು ಶಿವಗಂಗೆಯಲ್ಲಿ. ಶಕ ವರ್ಷ 1053, ಅಂದರೆ ಕ್ರಿ.ಶ. 1131, ವಿರೋಧಿಕೃತ್ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಸೋಮವಾರ. ಹೇಳುತ್ತಿರುವುದು ಶ್ರವಣಬೆಳಗೊಳದಲ್ಲಿ ಅವಳೇ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಶಾಸನ. ಮಗಳು ಹೋದಳೆಂದು ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳೆಂದೂ ಬರೆದಿದೆ. ಬೆಟ್ಟದ ತುದಿಯಿಂದ ಹಾರಿದಳು ಅನ್ನುವುದು ಊರವರ ಮಾತು. ಕಲ್ಲು ಅದನ್ನು ಹೇಳುವುದಿಲ್ಲ. ಆದರೂ ‘ಶಾಂತಲಾ ಡ್ರಾಪ್’ ಅಂಚಿನಲ್ಲಿ ನಿಂತು ಭಾನುವಾರದ ಹುಡುಗರು ಸೆಲ್ಫಿ ತೆಗೆದದ್ದೇ ತೆಗೆದದ್ದು.

ಇಷ್ಟು ಕರಾರುವಾಕ್ಕಾದ ದಿನ ‘ಇತಿಹಾಸದಲ್ಲಿ ಈ ದಿನ’ಕ್ಕೆ ಹತ್ತುವುದಿಲ್ಲ. ಪಂಚಮಿ ವರ್ಷಕ್ಕೊಂದು ತಾರೀಕಿಗೆ ಬಂದರೆ ಪೇಪರಿನವರಾದರೂ ಎಲ್ಲಿ ಕೂರಿಸುತ್ತಾರೆ? 2026ರ ಪಂಚಾಂಗ ತೆಗೆಯಿರಿ: ಯುಗಾದಿ ಮಾರ್ಚ್ 19, ಪಂಚಮಿ ಮಾರ್ಚ್ 23, ಅದೂ ಸೋಮವಾರವೇ. ಆದರೆ ಆ ಜಾಗದಲ್ಲಿ 1931ರಿಂದ ಭಗತ್ ಸಿಂಗ್, ರಾಜಗುರು, ಸುಖದೇವ್ ಇದ್ದಾರೆ; ಅವರನ್ನು ಜರುಗಿ ಅನ್ನಲು ಬಾಯಿ ಬರುತ್ತದೆಯೇ? 2027ಕ್ಕೆ ಯುಗಾದಿಯೇ ಏಪ್ರಿಲ್ 7ಕ್ಕೆ ಹಾರುತ್ತದೆ, ಹಿಂದೆಯೇ ನಮ್ಮ ರಾಣಿ.

ಹೋಗಲಿ, ಊರಲ್ಲಾದರೂ ನೆನಪಿಟ್ಟುಕೊಳ್ಳೋಣ, ಯುಗಾದಿಯಿಂದ ಐದನೇ ದಿನ ಅಂತ ಲೆಕ್ಕ ಸುಲಭ ಅಂದೆ. ಗಲ್ಲಾದ ಮೇಲಿದ್ದ ಅಣ್ಣ ಚಿಲ್ಲರೆ ಎಣಿಸುತ್ತಲೇ, ‘ಆಗಲ್ಲ ಸ್ವಾಮಿ, ಹೊಸತೊಡಕಿನ ಮಟನ್ ಚೀಟಿ ಜಗಳ ಅಷ್ಟೊತ್ತಿಗೆ ಮುಗ್ದಿರಲ್ಲ’ ಅಂದ.